ನಡುದಾರಿಯ ಆಳ

ನಮ್ಮೂರಲ್ಲಿ ಹುಟ್ಟಿದವರು ಯಾರೂ ನೀರಿನಲ್ಲಿ ಮುಳುಗಿ ಸತ್ತದ್ದಿಲ್ಲ. ಮುಳುಗುತ್ತೇವೆ, ತಳ ಸೇರುತ್ತೇವೆ, ಅಲ್ಲಿಂದ ನಡೆದುಕೊಂಡು ಮನೆಗೆ ಬರುತ್ತೇವೆ. ನಾಲ್ಕು ವರ್ಷದವನಿದ್ದಾಗ ನಾನು ಅಪ್ಪನ ದೋಣಿಯಿಂದ ಬಿದ್ದು, ಊಟದ ಹೊತ್ತಿಗೆ ಅಂಗಳಕ್ಕೆ ಬಂದು ನಿಂತೆನಂತೆ. ಹೊಸ ಅಂಗಿ ಉಪ್ಪುನೀರಿಗೆ ಹಾಳಾಯಿತೆಂದು ಅಮ್ಮ ಬೈದಳು, ಅಷ್ಟೆ. ನೀರೊಳಗೆ ನಮಗೂ ಚಳಿಯಾಗುತ್ತದೆ, ಹಸಿವಾಗುತ್ತದೆ, ಮೇಲೆ ಬಂದ ಮೇಲೆ ಎರಡು ದಿನ ಕಣ್ಣು ಉರಿಯುತ್ತದೆ. ಅಲ್ಲಿ ಮಾತಾಡಲು ಬರುವುದಿಲ್ಲ, ಕೈಸನ್ನೆಯೇ ಗತಿ. ಈಜು ನಮ್ಮೂರಲ್ಲಿ ಯಾರಿಗೂ ಬರುವುದಿಲ್ಲ. ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಬೇರೆ ಊರಿಂದ ಮದುವೆಯಾಗಿ ಬಂದವರಿಗೆ ಈ ಭಾಗ್ಯವಿಲ್ಲ. ಅಂಥ ಸೊಸೆಯಿದ್ದ ಮನೆಗಳಲ್ಲಿ ಬಾಗಿಲ ಪಕ್ಕದಲ್ಲಿ ತೆಂಗಿನ ನಾರಿನ ಹಗ್ಗ ನೇತುಹಾಕಿರುತ್ತಾರೆ. ದೋಣಿ ಹತ್ತುವಾಗ ಸೊಂಟಕ್ಕೆ ಕಟ್ಟುತ್ತಾರೆ. ನನ್ನ ಹೆಂಡತಿ ರುಕ್ಮಿ ಘಟ್ಟದ ಮೇಲಿನವಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳು ಸಮುದ್ರದಲ್ಲಿ ಪಾದ ಮುಳುಗುವುದಕ್ಕಿಂತ ಮುಂದೆ ಹೋದವಳಲ್ಲ. ಹೊಳೆ ಕಂಡರೂ ಕೆರೆ ಕಂಡರೂ ಮೊದಲು ಕೇಳುತ್ತಿದ್ದುದು ಒಂದೇ: “ಎಷ್ಟು ಆಳ ಅದೆ ಅಲ್ಲಿ?” ನಾನು ನಗುತ್ತಿದ್ದೆ. ಆಳವೆಂದರೆ ನಮಗೆ ಬರೀ ದೂರ. ಇಳಿದರೆ ಇಳಿಯುತ್ತೇವೆ, ಹತ್ತಿದರೆ ಹತ್ತುತ್ತೇವೆ. ಅದರಲ್ಲಿ ಹೆದರುವುದೇನಿದೆ ಎಂದು ನನಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. ಈಗ ಹೇಳಹೊರಟಿರುವುದೆಲ್ಲ ನಡೆದದ್ದು ಆ ಅರ್ಥವಾಗದಿದ್ದುದರಿಂದಲೇ ಎಂದು ಹೇಳಿಕೊಂಡು ನಾನು ಬಹಳ ವರ್ಷ ಬದುಕಿದೆ. ಅದು ಪೂರ್ತಿ ನಿಜವಲ್ಲ.

ಯುದ್ಧ ಶುರುವಾದ ಮೊದಲ ವರ್ಷವೇ ಆಚೆ ದಡ ಶತ್ರುಗಳ ಕೈಗೆ ಹೋಗಿತ್ತು. ನಡುವೆ ಇರುವುದು ನಾಲ್ಕು ಮೈಲಿ ನೀರು. ಮೋಡವಿಲ್ಲದ ಬೆಳಿಗ್ಗೆ ಅಲ್ಲಿನ ತೆಂಗಿನ ಮರಗಳು ಕಾಣುತ್ತಿದ್ದವು. ಅಲ್ಲಿಂದ ಗುಂಡು ಹಾರಿಸುತ್ತಾರೆಂದು ಮೀನುಗಾರಿಕೆ ನಿಂತಿತು. ಮೂರನೆಯ ವರ್ಷ ನಮ್ಮ ಸೈನ್ಯ ಊರಿಗೆ ಬಂತು. ಶಾಲೆ ಮುಚ್ಚಿ ಅವರ ಕಚೇರಿಯಾಯಿತು. ಅಳಿವೆಯ ಒಳಗೆ ಚಪ್ಪಟೆ ತಳದ ದೋಣಿಗಳನ್ನು ತಂದು ತಾಡಪತ್ರಿ ಹೊದಿಸಿಟ್ಟರು. ಎರಡು ಸಾವಿರ ಜನರ ಊರಿಗೆ ನಾಲ್ಕು ಸಾವಿರ ಸೈನಿಕರು ಬಂದು ತುಂಬಿದರು. ಮಳೆ ಕಾಣದ ಬಯಲಿನ ಕಡೆಯವರು ಅವರು. ಬಹಳ ಮಂದಿ ಸಮುದ್ರ ನೋಡಿದ್ದು ಅದೇ ಮೊದಲು.

ಆಚೆ ದಡದ ಮೇಲಿನ ದಾಳಿಯ ಯೋಜನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ಕ್ಯಾಪ್ಟನ್ ಶರಭಯ್ಯ. ಎತ್ತರದ, ಮೃದು ಮಾತಿನ ಮನುಷ್ಯ. ಅವರು ಮೂವರನ್ನು ಶಾಲೆಗೆ ಕರೆಸಿದರು: ನನ್ನನ್ನು, ನನ್ನ ನೆರೆಮನೆಯ ಗೋಯ್ದನನ್ನು, ಅವನ ಅಕ್ಕ ಸಣ್ಣಮ್ಮನನ್ನು. ಗೋಯ್ದ ನನ್ನ ಓರಗೆಯವನು, ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಬಲೆ ನೇಯ್ದರೆ ಒಂದೊಂದು ಕಣ್ಣನ್ನೂ ಎರಡೆರಡು ಸಲ ನೋಡುವವನು. ಊರವರಿಗೆಲ್ಲ ಅವನ ನಿಧಾನದ ಮೇಲೆ ನಗೆ.

“ನಿಮ್ಮೂರಾಗ ನೀರಿನ ಬುಡಕ ಅಡ್ಡಾಡತಾರಂತ ಕೇಳೇನಿ. ಖರೇನು?” ಎಂದರು ಕ್ಯಾಪ್ಟನ್.

“ಅಡ್ಡಾಡೂದು ಅಂದ್ರೆ ಎಂತದು ಸಾಹೇಬ್ರೆ. ಸಾಯೂದಿಲ್ಲ, ಅಷ್ಟೆ,” ಎಂದ ಗೋಯ್ದ.

ಶಾಲೆಯ ನಡುಕೋಣೆಯಲ್ಲಿ ಮರಳು ಹರಡಿ ಆಚೆ ದಡದ ಮಾದರಿ ಮಾಡಿದ್ದರು. ಅದರ ಮೇಲೆ ಮೂರು ದಾರ ಎಳೆದಿದ್ದರು. ಬಡಗದಾರಿ, ನಡುದಾರಿ, ತೆಂಕದಾರಿ. ಮೂರು ದಾರಿಯಲ್ಲೂ ಒಂದೇ ಹೊತ್ತಿಗೆ ದೋಣಿಗಳು ಹೋಗಿ ಸೈನ್ಯವನ್ನು ಇಳಿಸಬೇಕು. ದೋಣಿಯ ಮುಂಭಾಗದ ಹಲಗೆ ಕೆಳಗೆ ಬೀಳುತ್ತದೆ, ಸೈನಿಕರು ಅದರ ಮೇಲಿಂದ ನೀರಿಗಿಳಿದು ದಡಕ್ಕೆ ಓಡುತ್ತಾರೆ. ಪ್ರತಿಯೊಬ್ಬನ ಬೆನ್ನ ಮೇಲೂ ಇಪ್ಪತ್ತೈದು ಕಿಲೋ ಭಾರ. ದೋಣಿ ಎಲ್ಲಿ ತಳ ಕಚ್ಚುತ್ತದೆ, ಅಲ್ಲಿಂದ ಒಣ ಮರಳಿನವರೆಗೆ ನೀರು ಎಷ್ಟಿದೆ, ಹತ್ತು ಹೆಜ್ಜೆಗೊಮ್ಮೆ ಅಳೆದು ತರಬೇಕು. ಅದು ನಮ್ಮ ಕೆಲಸ.

“ಎದಿಮಟ ಇದ್ರ ನಡೀತದ,” ಎಂದರು ಕ್ಯಾಪ್ಟನ್. “ಕುತಗಿ ದಾಟಿತಂದ್ರ ನನ್ನ ಹುಡುಗೂರೊಳಗ ಒಬ್ಬನೂ ಉಳಿಯಂಗಿಲ್ಲ. ಇಷ್ಟ ನೆನಪಿಡ್ರಿ.”

ಬಡಗದಾರಿ ಗೋಯ್ದನಿಗೆ, ತೆಂಕದಾರಿ ಸಣ್ಣಮ್ಮನಿಗೆ, ನಡುದಾರಿ ನನಗೆ. ಅಳೆಯುವ ಉಪಾಯ ಸರಳ. ಒಂದು ಒಣ ತೆಂಗಿನಕಾಯಿ, ಅದಕ್ಕೊಂದು ದಾರ, ದಾರದಲ್ಲಿ ಅರ್ಧ ಮಾರಿಗೊಂದು ಗಂಟು. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು. ತಳದಲ್ಲಿ ನಿಂತು ಕಾಯಿ ಬಿಟ್ಟರೆ ಅದು ಮೇಲೇರಿ ತೇಲುತ್ತದೆ. ಗಂಟು ಎಣಿಸಿದರೆ ಆಯಿತು. ದಡದಿಂದ ನೋಡುವವರಿಗೆ ತೇಲುವ ತೆಂಗಿನಕಾಯಿಯಲ್ಲಿ ಅನುಮಾನ ಬರುವಂಥದ್ದೇನೂ ಇಲ್ಲ. ಬರೆದುಕೊಳ್ಳಲು ತಗಡಿನ ತುಂಡು ಮತ್ತು ಮೊಳೆ.

ಒಂದು ಬೆಳಿಗ್ಗೆ ಗಂಜಿ ಉಂಡು ಮೂವರೂ ನೀರಿಗಿಳಿದೆವು. ಬೆಳಕಿಲ್ಲದಿದ್ದರೆ ತಳದಲ್ಲಿ ಏನೂ ಕಾಣುವುದಿಲ್ಲ, ಆದ್ದರಿಂದ ಹಗಲಲ್ಲೇ ಹೋಗಬೇಕಿತ್ತು. ಅರ್ಧ ದಾರಿಯವರೆಗೆ ಜೊತೆಯಲ್ಲೇ ನಡೆದೆವು. ಮುಳುಗಿದ ಹಳೇ ಹಡಗೊಂದರ ಕಂಬದ ಹತ್ತಿರ ಬೇರೆಯಾಗುವಾಗ ಗೋಯ್ದ ಕೈಯೆತ್ತಿ ಸನ್ನೆ ಮಾಡಿದ: ಜಾಗ್ರತೆ. ಅಲ್ಲಿಂದ ಮುಂದೆ ತಲೆಯ ಮೇಲೆ, ದೋಣಿಗಳನ್ನು ಒಡೆಯಲೆಂದು ಶತ್ರುಗಳು ನೀರೊಳಗೆ ಕಟ್ಟಿದ್ದ ಸಿಡಿಗುಂಡುಗಳು ತೂಗುತ್ತಿದ್ದವು. ಅವುಗಳ ಸರಪಳಿಗಳ ನಡುವೆ ಹುಷಾರಾಗಿ ನುಸುಳಿಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಮರಳದಿಣ್ಣೆ ಸಿಕ್ಕಿತು. ಹತ್ತುತ್ತ ಹೋದಂತೆ ನೀರು ಕುತ್ತಿಗೆಗೆ, ಎದೆಗೆ, ಸೊಂಟಕ್ಕೆ ಬಂತು. ಅಲ್ಲಿಯವರೆಗಿನ ಒಂದೊಂದು ಅಳತೆಯನ್ನೂ ನಾನು ಸರಿಯಾಗಿಯೇ ತೆಗೆದಿದ್ದೆ. ದಿಣ್ಣೆಯ ನೆತ್ತಿಯಲ್ಲಿ ತೊಡೆಮಟ್ಟ ನೀರು. ಬೋರಲು ಮಲಗಿ, ಕೈ ಊರಿ ಕಣ್ಣಷ್ಟೇ ಮೇಲೆತ್ತಿ ನೋಡಿದೆ.

ದಡ ಅಲ್ಲಿಂದ ನೂರು ಹೆಜ್ಜೆ. ಮುಳ್ಳುತಂತಿ, ಅದರ ಹಿಂದೆ ಮರಳಿನ ಚೀಲಗಳ ಗೋಡೆ. ಮಗುಚಿದ ದೋಣಿಯೊಂದರ ಮೇಲೆ ಇಬ್ಬರು ಕೂತು ಊಟ ಮಾಡುತ್ತಿದ್ದರು. ಒಬ್ಬ ಎದ್ದು ತಟ್ಟೆ ತೊಳೆಯಲು ನೀರಿನ ಅಂಚಿಗೆ ಬಂದ. ಗೋಡೆಯ ಮೇಲೆ ಇನ್ನೊಬ್ಬ ಕೋವಿ ಹಿಡಿದು ಸಮುದ್ರದ ಕಡೆಗೇ ನೋಡುತ್ತ ನಿಂತಿದ್ದ. ನೀರು ನನ್ನನ್ನು ಕೊಲ್ಲುವುದಿಲ್ಲ, ಗುಂಡು ಕೊಲ್ಲುತ್ತದೆ. ನನಗೂ ಅವರಿಗೂ ನಡುವೆ ಇದ್ದ ನೀರು ಅಲೆಯಿಲ್ಲದೆ ಹಸಿರಾಗಿ ಹೊಳೆಯುತ್ತಿತ್ತು. ಮೊಣಕಾಲುದ್ದ ಇರಬೇಕೆಂದುಕೊಂಡೆ. ಅಷ್ಟು ತಿಳಿನೀರಿನಲ್ಲಿ ತೆವಳಿಕೊಂಡು ಹೋದರೆ ಕಂಡೇ ಕಾಣುತ್ತೇನೆ ಎಂದು ಹೆದರಿದೆ. ನಿಜವಾಗಿ ಅಲ್ಲಿ ಆಳವಿತ್ತು. ಐದು ಹೆಜ್ಜೆ ಮುಂದೆ ಹೋಗಿದ್ದರೆ ಮುಳುಗಿ ಮರೆಯಾಗುತ್ತಿದ್ದೆ, ಯಾವ ಅಪಾಯವೂ ಇರಲಿಲ್ಲ. ಆ ಐದು ಹೆಜ್ಜೆಯನ್ನು ನಾನು ಇಡಲಿಲ್ಲ.

ತಿರುಗಿ ಬರುವಾಗ ಹಡಗಿನ ಕಂಬದ ಬುಡದಲ್ಲಿ ಕೂತು ಉಳಿದ ಹತ್ತು ಅಳತೆಗಳನ್ನು ತಗಡಿನ ಮೇಲೆ ಗೀಚಿದೆ. ತೊಡೆ, ತೊಡೆ, ಮೊಣಕಾಲು, ಮೊಣಕಾಲು, ಕಣಕಾಲು. ಓದುವವರಿಗೆ ತಿಳಿಯಲೆಂದು ಅಕ್ಷರ ದುಂಡಾಗಿ, ನಿಧಾನವಾಗಿ ಬರೆದೆ.

ನಾನು ಮನೆಗೆ ಬಂದು ಎಷ್ಟೋ ಹೊತ್ತಿನ ಮೇಲೆ ಗೋಯ್ದ, ಸಣ್ಣಮ್ಮ ಬಂದರು. ಮುಳ್ಳುತಂತಿ ಸಿಕ್ಕಿ ಗೋಯ್ದನ ಕಿವಿ ಹರಿದಿತ್ತು. ಸಣ್ಣಮ್ಮನ ಅಂಗೈ ತುಂಬ ಗೀರು. ಮರುದಿನ ಶಾಲೆಯಲ್ಲಿ ಮರಳಿನ ಮಾದರಿಯ ಸುತ್ತ ನಿಂತೆವು. ಗೋಯ್ದ ತನ್ನ ತಗಡು ಓದಿದ: ದಿಣ್ಣೆ ದಾಟಿದ ಕೂಡಲೆ ದಡದ ಉದ್ದಕ್ಕೂ ಒಂದು ಕೊರಕಲು, ನಲವತ್ತು ಹೆಜ್ಜೆ ಅಗಲ, ಎರಡು ಮಾರು ಆಳ. ಸಣ್ಣಮ್ಮನ ದಾರಿಯಲ್ಲೂ ಅದೇ ಕೊರಕಲು, ಒಂದೂವರೆ ಮಾರು. ಕ್ಯಾಪ್ಟನ್ ಬೆರಳಿನಿಂದ ಮರಳಿನಲ್ಲಿ ಎರಡೂ ಕಡೆ ಕಾಲುವೆ ತೋಡಿದರು. ಆಮೇಲೆ ನನ್ನ ತಗಡು ತೆಗೆದುಕೊಂಡು ಓದಿದರು, ಮತ್ತೊಮ್ಮೆ ಓದಿದರು.

“ನಿಮ್ಮ ದಾರ್‍ಯಾಗ ಕೊರಕಲ ಇಲ್ಲೇನು?”

“ಇಲ್ಲ.”

“ಒಣಾ ಮರಳ ಮುಟ್ಟಿ ಬಂದ್ರಿ?”

“ಮುಟ್ಟಿದೆ.”

ಗೋಯ್ದ ತಲೆ ಕೆರೆದುಕೊಂಡು ಮೆಲ್ಲಗೆ ಹೇಳಿದ: “ಎರಡೂ ಬದಿಗೆ ಇದ್ದದ್ದು ನಡುವೆ ಮಾತ್ರ ಇಲ್ಲ ಅಂದ್ರೆ... ಸಾಹೇಬ್ರೆ, ನಾ ನಾಳೆ ಇನ್ನೊಂದ್ಸಲ ಹೋಗಿ ನೋಡ್ಕಂಡು ಬರ್ತೆ. ನಂಗೇನು ಕಷ್ಟ ಇಲ್ಲ.”

“ನಾ ಸುಳ್ಳು ಹೇಳ್ತೆ ಅಂತೀಯೇನೊ?” ಎಂದು ಎಲ್ಲರೆದುರು ಕೂಗಿದೆ. “ನೀನೊಬ್ಬನೇ ಎಣಿಸೂಕೆ ಕಲ್ತವ?”

ಗೋಯ್ದ ನೆಲ ನೋಡಿದ. ಸಣ್ಣಮ್ಮ ನನ್ನ ಅಂಗೈಗಳನ್ನು ನೋಡಿದಳು. ಅವುಗಳ ಮೇಲೆ ಒಂದು ಗೀರೂ ಇರಲಿಲ್ಲ. ಕ್ಯಾಪ್ಟನ್ ಅಂಗೈಯಿಂದ ನಡುದಾರಿಯ ಮರಳನ್ನು ಸವರಿ ಸಮ ಮಾಡಿದರು. ಅವರ ಮುಖದಲ್ಲಿ ತಿಂಗಳುಗಳಿಂದ ಕಾಣದ ನೆಮ್ಮದಿ ಕಂಡೆ. ಕೊರಕಲು ದಾಟಲು ರಬ್ಬರ್ ದೋಣಿ ಬೇಕು, ಅವು ಸಾಕಷ್ಟಿಲ್ಲ. ನಡುವಿನಲ್ಲಿ ಅವು ಬೇಕಾಗಿಲ್ಲವೆಂದಾದರೆ ಹೆಚ್ಚಿನ ಸೈನ್ಯವನ್ನು ಅಲ್ಲೇ ಇಳಿಸಬಹುದು. ಮೂರು ದಾರಿಗೂ ಸಮನಾಗಿ ಹಂಚಿದ್ದನ್ನು ಬದಲಿಸಿ ಎರಡು ಸಾವಿರದ ಐನೂರು ಜನರನ್ನು ನಡುದಾರಿಗೆ ಹಾಕಿದರು. ಆಮೇಲೆ ನನ್ನ ಕೈ ಹಿಡಿದು ಕುಲುಕಿದರು.

ಅಲ್ಲಿಂದ ದಾಳಿಗೆ ಹನ್ನೊಂದು ದಿನ. ಪ್ರತಿ ಮನೆಯಲ್ಲೂ ಒಬ್ಬಿಬ್ಬರು ಸೈನಿಕರನ್ನು ಉಳಿಸಿದ್ದರು. ನಮ್ಮಲ್ಲಿದ್ದವನು ಬಾಳಪ್ಪ, ಕಂಬಳಿ ನೇಯುವ ಮನೆತನದವನು, ಮೂವತ್ತರ ಪ್ರಾಯ. ಸಮುದ್ರಕ್ಕೆ ಬೆನ್ನು ಹಾಕಿಯೇ ಅಂಗಳದಲ್ಲಿ ಕೂರುತ್ತಿದ್ದ. ಅವನಿಗೂ ರುಕ್ಮಿಗೂ ಬೇಗ ಸ್ನೇಹವಾಯಿತು. ಇಬ್ಬರೂ ನೀರಿಗೆ ಹೆದರುವವರು. ಅವಳು ರೊಟ್ಟಿ ತಟ್ಟುತ್ತ, ಅವನು ಹಂಚಿನ ಕೆಳಗೆ ಬೆಂಕಿ ನೋಡುತ್ತ ತಮ್ಮ ತಮ್ಮ ಊರಿನ ಬಾವಿಗಳ ಕತೆ ಹೇಳಿಕೊಳ್ಳುತ್ತಿದ್ದರು.

ಒಂದು ಸಂಜೆ ಬಾಳಪ್ಪ ನನ್ನ ಹತ್ತಿರ ಬಂದು ನಿಂತ. “ಅಣ್ಣಾರ, ನಾವು ನಡುದಾರಿಯವರು. ಅಲ್ಲಿ ಎಷ್ಟ ಆಳ ಐತ್ರಿ?”

ನಾನು ನನ್ನ ತೊಡೆ ತಟ್ಟಿ ತೋರಿಸಿದೆ.

ಅವನ ಮುಖ ಅರಳಿತು. “ಇಷ್ಟನ? ಹಂಗಾದ್ರ ನಮ್ಮೂರ ಹಳ್ಳ ದಾಟಿದಂಗ ಬಿಡ್ರಿ!” ಎಂದು ನಕ್ಕ. ಮರುದಿನ ಅವನ ಜೊತೆಗಾರರೂ ಬಂದರು. ಅದರಲ್ಲೊಬ್ಬ ಶಿವಪುತ್ರ, ಬಾಳಪ್ಪನ ಊರಿನವನೇ, ತೊದಲು ಮಾತಿನವನು. ಎಲ್ಲರಿಗೂ ತೊಡೆ ತಟ್ಟಿ ತೋರಿಸಿದೆ. ಹಾಗೆ ತೋರಿಸಿದಷ್ಟೂ ಸಲ ಅದು ನನಗೇ ಹೆಚ್ಚು ಹೆಚ್ಚು ನಿಜವೆನಿಸಿತು. ಕೊನೆಕೊನೆಗೆ ನಾನು ಆ ತಿಳಿನೀರಿನಲ್ಲಿ ನಡೆದದ್ದು, ಪಾದಕ್ಕೆ ಕಪ್ಪೆಚಿಪ್ಪು ಚುಚ್ಚಿದ್ದು ಎಲ್ಲ ನೆನಪಾಗುತ್ತಿತ್ತು.

ರುಕ್ಮಿ ಒಂದು ದಿನ ಬಟ್ಟೆ ಹಿಂಡುತ್ತ, ನನ್ನ ಮುಖ ನೋಡದೆ ಕೇಳಿದಳು: “ನೀವು ಕಡೇವರೆಗೂ ಹೋಗಿದ್ರಿ ಅಲ್ದಾ?”

“ನೀರು ಅಂದ್ರೆ ನಿಂಗೆ ಎಂತ ಗೊತ್ತು?” ಎಂದೆ. ಅವಳು ಹಿಂಡಿದ ಬಟ್ಟೆ ಹರವಲು ಹೋದಳು.

ದಾಳಿಯ ಬೆಳಿಗ್ಗೆ ದಾರಿ ತೋರಿಸಲೆಂದು ನನ್ನನ್ನು ನಡುದಾರಿಯ ಮೊದಲ ದೋಣಿಯಲ್ಲಿ ಹತ್ತಿಸಿದರು. ಸೂರ್ಯ ಹುಟ್ಟಿ ಆಗಿತ್ತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ದೋಣಿಗಳು. ಸಿಡಿಗುಂಡುಗಳನ್ನು ಹಿಂದಿನ ಎರಡು ದಿನಗಳಲ್ಲಿ ನಮ್ಮೂರಿನವರೇ ತಳದಿಂದ ಬಿಡಿಸಿ ದೂರ ಎಳೆದಿದ್ದರು. ನಮ್ಮ ಫಿರಂಗಿಗಳು ತಲೆಯ ಮೇಲಿಂದ ಹಾರಿಸುತ್ತಿದ್ದವು. ಆಚೆ ದಡದಲ್ಲಿ ಹೊಗೆ ಎದ್ದಿತ್ತು. ಸೈನಿಕರು ವಾಂತಿ ಮಾಡಿಕೊಳ್ಳುತ್ತ, ದೇವರ ಹೆಸರು ಹೇಳುತ್ತ ಕೂತಿದ್ದರು. ಬಾಳಪ್ಪ ನನ್ನ ಪಕ್ಕದಲ್ಲೇ ಇದ್ದ. ದೋಣಿ ಮರಳದಿಣ್ಣೆಗೆ ತಾಗಿ ನಿಂತಿತು. ಎಲ್ಲಿ ನಿಲ್ಲುತ್ತದೆಂದು ಹೇಳಿದ್ದೆನೋ ಅಲ್ಲೇ ನಿಂತಿತು. ಹಲಗೆ ಬಿತ್ತು.

ಮೊದಲ ಸಾಲು ಇಳಿದು ಓಡಿತು. ತೊಡೆಮಟ್ಟ ನೀರು. ಯಾರೋ “ಖರೇ ಹೇಳ್ಯಾನಲೇ!” ಎಂದು ಕೂಗಿದ್ದು ಕೇಳಿಸಿತು. ಐದು ಹೆಜ್ಜೆ ಹೋದರು. ಆರನೆಯ ಹೆಜ್ಜೆಗೆ ಇಡೀ ಸಾಲು ಇಲ್ಲವಾಯಿತು. ಬಿದ್ದಂತೆಯೂ ಅಲ್ಲ, ಗುಂಡು ತಾಗಿದಂತೆಯೂ ಅಲ್ಲ. ಇದ್ದರು, ಇಲ್ಲ. ಹಿಂದಿನ ಸಾಲಿನವರು ಹೊಗೆಯಲ್ಲಿ ಏನೂ ಕಾಣದೆ ಅದೇ ವೇಗದಲ್ಲಿ ಬಂದು ಅದರೊಳಗೇ ಹೋದರು. ನಿಲ್ಲಿ ನಿಲ್ಲಿ ಎಂದು ನಾನು ಕೂಗಿದೆ. ಫಿರಂಗಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎರಡೂ ಪಕ್ಕದಲ್ಲಿ ಇನ್ನಷ್ಟು ದೋಣಿಗಳ ಹಲಗೆ ಬೀಳುತ್ತಿತ್ತು, ಅಲ್ಲಿಯೂ ಓಡುತ್ತಿದ್ದರು.

ನಾನು ಹಾರಿದೆ. ಕೊರಕಲಿನ ತಳದಲ್ಲಿ ನೀರು ತಿಳಿಯಾಗಿತ್ತು, ಎಲ್ಲ ಕಾಣುತ್ತಿತ್ತು. ಬೆನ್ನಿನ ಭಾರ ಅವರನ್ನು ಮೇಲೇಳಲು ಬಿಡುತ್ತಿರಲಿಲ್ಲ. ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದರು. ಕೆಲವರು ನಿಂತೇ ಇದ್ದರು, ಕೈ ಮೇಲೆತ್ತಿ. ಹತ್ತಿರ ಸಿಕ್ಕವನನ್ನು ಸೊಂಟ ಹಿಡಿದು ಎತ್ತಿದೆ. ತಲೆಯ ಮೇಲೆ ಎತ್ತಿ ಹಿಡಿದರೂ ಅವನ ಮೂಗಿಗೂ ಗಾಳಿಗೂ ನಡುವೆ ಇನ್ನೂ ಒಂದು ಮೊಳ ನೀರಿತ್ತು. ಈಜು ಬರುತ್ತಿದ್ದರೆ ಮೇಲಕ್ಕೆ ಒಯ್ಯುತ್ತಿದ್ದೆ. ನನಗೆ ಬರುತ್ತಿದ್ದುದು ನಡೆಯುವುದು ಮಾತ್ರ. ಹೆಗಲ ಮೇಲೆ ಹಾಕಿಕೊಂಡು ಇಳಿಜಾರು ಹತ್ತಿ ದಿಣ್ಣೆಯ ಮೇಲೆ ತಂದು ಹಾಕಿದೆ. ಮತ್ತೆ ಇಳಿದೆ. ಹಾಗೆ ಹನ್ನೊಂದು ಜನರನ್ನು ತಂದೆ. ಅದರಲ್ಲಿ ಉಸಿರಿದ್ದದ್ದು ನಾಲ್ವರಿಗೆ. ಮೂರನೆಯವನು ಬಾಳಪ್ಪ. ಅವನು ಒಂದು ಕೈಯಿಂದ ಶಿವಪುತ್ರನ ಅಂಗಿ ಹಿಡಿದುಕೊಂಡಿದ್ದ. ಇಬ್ಬರನ್ನು ಹೊರಲಾರದೆ ನಾನೇ ಆ ಬೆರಳುಗಳನ್ನು ಬಿಡಿಸಿದೆ. ಶಿವಪುತ್ರ ಆಗ ಕಣ್ಣು ತೆರೆದೇ ಇದ್ದ, ನನ್ನನ್ನೇ ನೋಡುತ್ತಿದ್ದ. ಮತ್ತೆ ಇಳಿದು ಬಂದಾಗ ಅವನು ನೋಡುತ್ತಿರಲಿಲ್ಲ.

ಯುದ್ಧದ ಲೆಕ್ಕದಲ್ಲಿ ಆ ದಿನ ನಾವು ಗೆದ್ದೆವು. ಗೋಯ್ದ ಅಳೆದ ಬಡಗದಾರಿಯಲ್ಲಿ ರಬ್ಬರ್ ದೋಣಿಗಳು ಕೊರಕಲು ದಾಟಿದವು, ಸಣ್ಣಮ್ಮನ ದಾರಿಯಲ್ಲೂ ದಾಟಿದವು. ನಮ್ಮ ಹಿಂದಿನ ದೋಣಿಗಳನ್ನು ಬಡಗಕ್ಕೆ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಆಚೆ ದಡ ನಮ್ಮದಾಗಿತ್ತು. ನಡುದಾರಿಯಲ್ಲಿ ಮುನ್ನೂರ ಹದಿನೆಂಟು ಜನ ಮುಳುಗಿ ಸತ್ತರು. ಶತ್ರುವಿನ ಗುಂಡಿಗೆ ಬಲಿಯಾದರೆಂದು ಮನೆಗಳಿಗೆ ಪತ್ರ ಹೋಯಿತು.

ಮೂರು ದಿನದ ಮೇಲೆ ಕ್ಯಾಪ್ಟನ್ ನಮ್ಮ ಮನೆಗೆ ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು. “ಮರಳ ಸರಿದಾಡತದಂತ ಕೇಳೇನಿ. ಹನ್ನೊಂದು ದಿನದಾಗ ಸರಿದಿರಬೇಕು. ನಿಮ್ಮ ತಪ್ಪಲ್ಲ ಅದು. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ.”

ಮರಳು ಹಾಗೆ ಸರಿಯುವುದಿಲ್ಲವೆಂದು ನನಗೆ ಗೊತ್ತಿತ್ತು. “ಹೌದು ಸಾಹೇಬ್ರೆ, ಸರಿದಿರಬೇಕು,” ಎಂದೆ. ಒಳಗೆ ರುಕ್ಮಿ ಪಾತ್ರೆ ತೊಳೆಯುತ್ತಿದ್ದಳು. ಆ ಸದ್ದು ನಿಂತಿತು.

ಹನ್ನೊಂದು ಜನರನ್ನು ಎತ್ತಿ ತಂದದ್ದಕ್ಕೆ ನನಗೆ ಪದಕ ಬಂತು. ಗೋಯ್ದನಿಗೆ ಏನೂ ಬರಲಿಲ್ಲ. ಪದಕ ಕೊಟ್ಟ ದಿನ ಊರೆಲ್ಲ ಶಾಲೆಯ ಮುಂದೆ ಸೇರಿ ಚಪ್ಪಾಳೆ ಹೊಡೆಯಿತು, ಅವನೂ ಹೊಡೆದ. ಸಂಜೆ ದೋಣಿಗೆ ಎಣ್ಣೆ ಹಚ್ಚುತ್ತ ಕೂತವನ ಹತ್ತಿರ ಹೋದೆ. ಅವನು ಬೈಯುತ್ತಾನೆಂದು ಕಾದೆ. ಬೈದರೆ ಸಾಕೆನಿಸಿತ್ತು. ಅವನು ಕೈಯಲ್ಲಿದ್ದ ಬಟ್ಟೆಯ ತುಂಡನ್ನೇ ನೋಡುತ್ತ ಹೇಳಿದ: “ನಾ ನಿನ್ನ ಕೇಳೂಕೇ ಹೋಗ್ಬಾರ್ದಾಗಿತ್ತು. ಸುಮ್ನೆ ಎದ್ದು ಹೋಗಿ ಅಳ್ಕಂಡು ಬರ್ಬೇಕಾಗಿತ್ತು. ನಂದೇ ತಪ್ಪು.” ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ, ನಂಬಿಯೇ ಹೇಳಿದ. ಆಮೇಲೆ ಅವನ ಮನೆಯ ಮುಂದೆ ಹಾದು ಹೋಗುವುದನ್ನು ನಾನು ಬಿಟ್ಟೆ. ಸಂತೆಗೆ ಸುತ್ತುಬಳಸಿ ಹೋಗತೊಡಗಿದೆ. ಅವನು ಯಾರಿಗೂ ಒಂದು ಮಾತು ಹೇಳಲಿಲ್ಲ.

ಬಾಳಪ್ಪ ಪ್ರತಿ ವರ್ಷ ಬರುತ್ತಿದ್ದ. ಬರುವಾಗ ತಾನೇ ನೇಯ್ದ ಕಂಬಳಿ ತರುತ್ತಿದ್ದ. ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಸಿಕ್ಕವರಿಗೆಲ್ಲ ನನ್ನ ತೋಳು ಹಿಡಿದು ತೋರಿಸುತ್ತಿದ್ದ: “ಈ ಅಣ್ಣ ನನ್ನನ್ನ ಹೆಗಲ ಮ್ಯಾಲೆ ಹೊತ್ತು ತಂದಾನ.” ನಮ್ಮ ಮನೆಯಲ್ಲಿ ಐದು ಕಂಬಳಿಗಳು ಸೇರಿದವು. ಎಂಥ ಚಳಿಯಲ್ಲೂ ರುಕ್ಮಿ ಅವನ್ನು ಹೊದೆಯುತ್ತಿರಲಿಲ್ಲ. ಯಾಕೆಂದು ನಾನು ಕೇಳುತ್ತಿರಲಿಲ್ಲ.

ಆರನೆಯ ವರ್ಷ ಅವನ ಜೊತೆ ಒಬ್ಬ ಮುದುಕಿ ಬಂದಳು. ಸಣ್ಣ ಮೈ, ಹಣೆಯ ಮೇಲೆ ದೊಡ್ಡ ವಿಭೂತಿ. “ಶಿವಪುತ್ರನ ಅವ್ವ ಇಕಿ, ನೀಲವ್ವ,” ಎಂದ ಬಾಳಪ್ಪ. “ಒಮ್ಮೆ ಸಮುದ್ರ ನೋಡಬೇಕಂದ್ಲು. ಕರಕೊಂಡು ಬಂದೆ.”

ಊಟಕ್ಕೆ ಕೂತಾಗ ಆಕೆ ಅನ್ನ ಮುಟ್ಟದೆ ನನ್ನನ್ನೇ ನೋಡಿದಳು. “ತಮ್ಮಾ, ನೀ ಅವತ್ತ ಅಲ್ಲೇ ಇದ್ದಿ ಅಂತ. ಗುಂಡು ಬಡಿದು ಸತ್ತಾನಂತ ಕಾಗದ ಬಂತು. ಗುಂಡಂದ್ರ ಲಗೂನ ಜೀವ ಹೋಗತದಲ್ಲ? ಒದ್ದಾಡಿಲ್ಲಲ್ಲ ಅಂವಾ?”

ಬಾಳಪ್ಪ ಕಣ್ಣಿನಿಂದಲೇ ನನಗೆ ಸನ್ನೆ ಮಾಡಿದ: ಹೌದನ್ನು. ಅದು ಸುಲಭವಿತ್ತು. ಆಕೆ ಕೇಳಬಯಸಿದ್ದೂ ಅದನ್ನೇ. ನನ್ನ ಬಾಯಿಯವರೆಗೂ ಬಂತು. ಆಗ ರುಕ್ಮಿ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದು ಕಂಡಿತು. ನಾನು ಏನು ಹೇಳುತ್ತೇನೆಂದು ಅವಳಿಗೆ ಆಗಲೇ ಗೊತ್ತಿದ್ದ ಹಾಗಿತ್ತು. ಗೊತ್ತಿದ್ದು ಮುಖ ತಿರುಗಿಸಿಕೊಳ್ಳುತ್ತಿದ್ದಳು.

“ಗುಂಡಲ್ಲ ಅವ್ವ,” ಎಂದೆ. “ನೀರಲ್ಲಿ ಮುಳುಗಿದ. ಒದ್ದಾಡಿದ. ನಾನು ಅಳೆಯದೆ ಅಳೆದೆ ಅಂತ ಹೇಳಿದ್ದೆ, ಅದಕ್ಕೆ ಮುಳುಗಿದ.”

ಆಮೇಲೆ ಎಲ್ಲ ಹೇಳಿದೆ. ದಿಣ್ಣೆಯ ಮೇಲೆ ಮಲಗಿದ್ದು, ಕಂಬದ ಬುಡದಲ್ಲಿ ದುಂಡಾಗಿ ಬರೆದದ್ದು, ಗೋಯ್ದನ ಮೇಲೆ ಕೂಗಿದ್ದು, ತೊಡೆ ತಟ್ಟಿದ್ದು, ಬಾಳಪ್ಪನ ಬೆರಳು ಬಿಡಿಸಿದ್ದು. ಹೇಳುವಾಗ ಅಳು ಬರಲಿಲ್ಲ. ನಾಚಿಕೆ ಎಷ್ಟಿತ್ತೆಂದರೆ ಅಳುವುದಕ್ಕೂ ನಾಚಿಕೆಯಾಯಿತು. ಅರ್ಧದಲ್ಲೇ ಬಾಳಪ್ಪ ತಟ್ಟೆಯ ಮುಂದಿನಿಂದ ಎದ್ದ. ಕೈಯನ್ನೂ ತೊಳೆಯದೆ ಹೊರಗೆ ಹೋಗಿ ರಸ್ತೆಯಲ್ಲಿ ನಿಂತ.

ನೀಲವ್ವ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹೊಡೆಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

“ನನಗ ಹೇಳಿದಿ. ನಿನ್ನ ಎದಿ ಹಗೂರ ಆತೇನು?”

ಆಕೆ ತನ್ನ ಬಟ್ಟೆಯ ಗಂಟನ್ನು ಎತ್ತಿಕೊಂಡಳು.

“ಇನ್ನೂ ಮುನ್ನೂರು ಮನಿ ಅದಾವ. ಅವರೆಲ್ಲಾರೂ ಗುಂಡು ಅಂತನ ತಿಳಕೊಂಡು ಕುಂತಾರ. ಹೋಗಿ ಹೇಳು. ಪೂರಾ ಹೇಳಿದ ಮ್ಯಾಲೆ ಬೇಕಾದ್ರ ನನ್ನ ಮುಂದ ಬಂದು ನಿಲ್ಲು.”

ಸಮುದ್ರ ನೋಡದೆಯೇ ಆಕೆ ಹೊರಟುಹೋದಳು. ಬಾಳಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ತಿಂಗಳ ಮೇಲೆ ದಪ್ಪ ಲಕೋಟೆ ಬಂತು. ಅವನದೇ ಅಕ್ಷರದಲ್ಲಿ ಮುನ್ನೂರ ಹದಿನೆಂಟು ಹೆಸರು, ಊರು, ಅಪ್ಪನ ಹೆಸರು. ಬೇರೆ ಒಂದು ಮಾತೂ ಇರಲಿಲ್ಲ. ಪದಕವನ್ನೂ ಒಂದು ಪತ್ರವನ್ನೂ ಕ್ಯಾಪ್ಟನ್ ಶರಭಯ್ಯನವರಿಗೆ ಕಳಿಸಿದೆ, ಉತ್ತರ ಬರಲಿಲ್ಲ. ಗೋಯ್ದನ ಮನೆಗೆ ಹೋಗಿ, ಸಣ್ಣಮ್ಮನನ್ನೂ ಕೂರಿಸಿಕೊಂಡು, ಅವರಿಬ್ಬರಿಗೂ ಮೊದಲಿಂದ ಕೊನೆಯವರೆಗೆ ಹೇಳಿದೆ. ಗೋಯ್ದ ಹರಿದು ಒಣಗಿದ ಕಿವಿಯನ್ನು ಮುಟ್ಟಿಕೊಂಡು, “ಆ ಮನೆಗಳಿಗೆ ಹೇಳೂಕೆ ಹೋಗುವಾಗ ಒಬ್ಬನೇ ಹೋಗ್ಬೇಡ, ನಾ ಬರ್ತೆ,” ಎಂದ. ಬೇಡವೆಂದೆ. ಅವನು ಬಂದರೆ ಜನ ಅವನನ್ನೂ ಸೇರಿಸಿ ಬೈಯುತ್ತಾರೆ. ಅಷ್ಟು ಬುದ್ಧಿ ನನಗೆ ಆಗ ಬಂದಿತ್ತು.

ಹೊರಡುವ ದಿನ ರುಕ್ಮಿ ರೊಟ್ಟಿ ಕಟ್ಟಿಕೊಟ್ಟಳು. “ಬೇಗ ಬರೂಕೆ ನೋಡ್ಬೇಡಿ,” ಎಂದಳಷ್ಟೆ.

ಬಯಲಿನ ಊರುಗಳಲ್ಲಿ ನಡೆಯುತ್ತ ಈಗ ಎರಡು ವರ್ಷವಾಗುತ್ತ ಬಂತು. ನಡುನಡುವೆ ಮನೆಗೆ ಬರುತ್ತೇನೆ, ಮತ್ತೆ ಹೋಗುತ್ತೇನೆ. ಕೆಲವರು ಹೊಡೆದಿದ್ದಾರೆ. ಒಬ್ಬಳು ಹೆಂಗಸು ಬೇರೆ ಮದುವೆಯಾಗಿ ಮಕ್ಕಳಿದ್ದವಳು, ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡು, “ಆತು, ಹೋಗ್ರಿ,” ಎಂದು ಒಳಗಿಂದ ಅಗಳಿ ಹಾಕಿಕೊಂಡಳು. ಒಂದು ಮನೆಯಲ್ಲಿ ನನ್ನನ್ನು ಸೈನ್ಯದ ಅಧಿಕಾರಿಯೆಂದು ತಿಳಿದು, ಎಲ್ಲ ಕೇಳಿದ ಮೇಲೂ ಕಾಲಿಗೆ ಬಿದ್ದರು. ಅದು ಹೊಡೆತಕ್ಕಿಂತ ಕಷ್ಟವಾಯಿತು. ಸುಲಭವಾಗುತ್ತ ಹೋಗುತ್ತದೆಂದು ಮೊದಮೊದಲು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಪ್ರತಿ ಬಾಗಿಲಲ್ಲೂ ನಾಲಗೆ ಮತ್ತೆ ಮೊದಲಿನಷ್ಟೇ ಒಣಗುತ್ತದೆ.

ಹೋದ ವಾರ, ಪಟ್ಟಿಯಲ್ಲಿದ್ದ ಒಬ್ಬನ ಅಪ್ಪ ದುರುಗಪ್ಪನೆಂಬವನ ಮನೆಗೆ ಹೋಗಿದ್ದೆ. ಬಾವಿ ತೋಡುವುದು ಅವನ ಕಸುಬು, ವಯಸ್ಸಾಗಿ ಬಿಟ್ಟಿದ್ದಾನೆ. ಮಣ್ಣಿನ ಮಾಳಿಗೆಯ ಮನೆ, ಹಗಲಲ್ಲೂ ಒಳಗೆ ಮಬ್ಬು. ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಅವನು ನನ್ನ ಮಾತನ್ನೆಲ್ಲ ಕೇಳಿದ. ಮುಗಿದ ಮೇಲೆ ಕೇಳಿದ: “ಎಷ್ಟ ಆಳ ಇತ್ತು?”

“ಎರಡು ಮಾರು.”

“ಎರಡ ಮಾರು,” ಎಂದ. “ಹದಿನೆಂಟು ಮಾರಿನ ಬಾವಿಗೆ ನನ್ನ ಜೋಡಿ ಇಳದಾಂವ ಅಂವಾ.”

ಎರಡು ಮಾರೆಂದರೆ ಎಷ್ಟೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎದ್ದು ಗೋಡೆಯ ಹತ್ತಿರ ಹೋಗಿ ನಿಂತ. ಬಲಗೈಯನ್ನು ತಲೆಯ ಮೇಲೆ ಎತ್ತಿ ಅಂಗೈಯನ್ನು ಗೋಡೆಗೆ ಒತ್ತಿದ.

“ಇಷ್ಟ?”

“ಇನ್ನೂ ಮೇಲೆ,” ಎಂದೆ.

ಗೋಡೆ ಹಿಡಿದುಕೊಂಡು ಹೊರಸಿನ ಮೇಲೆ ಹತ್ತಿದ. ನಾನು ಹಿಡಿಯಲು ಹೋದೆ, ಬೇಡವೆಂದ. ಕೈಯನ್ನು ಮತ್ತೆ ಎತ್ತಿದ. ಬೆರಳು ಮಾಳಿಗೆಯ ಜಂತಿಗೆ ತಾಗಿತು.

“ಇಷ್ಟ?”

ಸುಳ್ಳು ಹೇಳಬೇಕೆನಿಸಿತು. “ಇನ್ನೂ ಮೇಲೆ,” ಎಂದೆ.

ಅವನು ಜಂತಿ ಹಿಡಿದುಕೊಂಡು ಮಾಳಿಗೆಯನ್ನೇ ನೋಡುತ್ತ ನಿಂತ. ಅವನು ಕೈ ಇಳಿಸುವವರೆಗೆ ನಾನೂ ನಿಂತೇ ಇದ್ದೆ.